ಮನ್ರೋ ಹೀಗೆ ಮಾಡುತ್ತಿರಲಿಲ್ಲ

ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ಯಾವ ಸಣ್ಣ ಊರಿಗೆ ಹೋದರೂ ಇವರು ಸಿಗುತ್ತಾರೆ. ವಯಸ್ಸು ಎಪ್ಪತ್ತರ ಆಸುಪಾಸು. ನೌಕರಿಯಿಂದ ನಿವೃತ್ತರಾಗಿ ವರ್ಷಗಳಾದರೂ ಊರಿನ ಬ್ಲೂಗ್ರಾಸ್ ಸಂಗೀತ ಸಂಘದ ಕಾರ್ಯದರ್ಶಿ ಪದವಿಯಿಂದ ಮಾತ್ರ ನಿವೃತ್ತಿ ಇಲ್ಲ. ಸಂಘಕ್ಕೆ ಅಧ್ಯಕ್ಷರಿದ್ದಾರೆ, ಖಜಾಂಚಿಯೂ ಇದ್ದಾರೆ. ಆದರೆ ಸಭಾಂಗಣದ ಬೀಗದ ಕೈ ಇರುವುದು ಇವರ ಜೇಬಿನಲ್ಲಿ. ಹೀಗಾಗಿ ಉಳಿದವರ ಪದವಿಗಳಿಗೆ ಹೆಚ್ಚಿನ ಅರ್ಥವಿಲ್ಲ.

ಬರುವ ಶನಿವಾರ ಸಂಜೆ ಏಳಕ್ಕೆ ಐವರ ತಂಡವೊಂದರ ಕಛೇರಿ. ಪೋಸ್ಟರುಗಳು ಮೂರು ವಾರದ ಹಿಂದೆಯೇ ಏರಿವೆ: ಅಂಚೆ ಕಚೇರಿಯಲ್ಲಿ, ಗ್ರಂಥಾಲಯದಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ, ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಜೇಬಿನಲ್ಲಿ ಗುಂಡುಪಿನ್ನಿನ ಡಬ್ಬಿ ಇಟ್ಟುಕೊಂಡೇ ಅವರು ಮನೆಯಿಂದ ಹೊರಡುವುದು. ಫಲಕದಲ್ಲಿ ಜಾಗವಿಲ್ಲದಿದ್ದರೆ ಯೋಗ ತರಗತಿಯ ಚೀಟಿಯನ್ನು ಬಹಳ ಮರ್ಯಾದೆಯಿಂದ ಒಂದು ಮೂಲೆಗೆ ಸರಿಸುತ್ತಾರೆ. ಮರುದಿನ ಯೋಗದವರು ಅದನ್ನು ಮತ್ತೆ ನಡುವಿಗೆ ತರುತ್ತಾರೆ. ಕಛೇರಿ ಮುಗಿಯುವವರೆಗೂ ಈ ಶೀತಲ ಸಮರ ನಡೆದೇ ಇರುತ್ತದೆ.

ಕಛೇರಿ ನಡೆಯುವುದು ಊರಿನ ಗ್ರೇಂಜ್ ಹಾಲಿನಲ್ಲಿ. ಗ್ರೇಂಜ್ ಎಂಬುದು 1867ರಲ್ಲಿ ಹುಟ್ಟಿದ ರೈತರ ಸಂಘ. ಅದು ಊರೂರಿಗೆ ಕಟ್ಟಿಸಿದ ಮರದ ಕಟ್ಟಡಗಳಲ್ಲಿ ಈಗ ಊರಿನ ಸಭೆ, ಸಾಮೂಹಿಕ ಊಟ, ಮಕ್ಕಳ ನಾಟಕ ಎಲ್ಲವೂ ನಡೆಯುತ್ತವೆ. ಹಾಲಿನಲ್ಲಿ ನೂರು ಮಡಿಚುವ ಕುರ್ಚಿಗಳಿವೆ. ಕಾರ್ಯದರ್ಶಿ ಹಾಕಿಸುವುದು ಅರವತ್ತೇ. ಅರವತ್ತು ಜನ ಬಂದರೆ ಹಾಲ್ ಭರ್ತಿ. ಅರವತ್ತೈದನೆಯವರು ಬಂದರೆ ಒಳಗಿನಿಂದ ಐದು ಕುರ್ಚಿಗಳನ್ನು ತಾವೇ ಹೊತ್ತು, ಎಲ್ಲರಿಗೂ ಕಾಣುವಂತೆ ನಡುದಾರಿಯಲ್ಲೇ ಸಾಗಿಸುತ್ತಾರೆ. ನಮ್ಮ ರಾಮೋತ್ಸವದ ಪೆಂಡಾಲುಗಳ ಹಳೆಯ ಹುಲಿಗಳಿಗೂ ಈ ವಿದ್ಯೆ ಚೆನ್ನಾಗಿ ಗೊತ್ತು.

ಸಂಗೀತದ ವಿಷಯಕ್ಕೆ ಬಂದರೆ ಅವರು ಭಾರೀ ಮಡಿವಂತರು. ಮ್ಯಾಂಡೊಲಿನ್, ಬ್ಯಾಂಜೊ, ಪಿಟೀಲು, ಗಿಟಾರ್, ಆಳೆತ್ತರದ ಬಾಸ್ ಇಷ್ಟಕ್ಕೇ ಅವರ ಪಂಕ್ತಿಯಲ್ಲಿ ಎಲೆ. ಮಡಿಲಲ್ಲಿ ಮಲಗಿಸಿಕೊಂಡೋ ಕೊರಳಿಗೆ ತೂಗುಹಾಕಿಕೊಂಡೋ ನುಡಿಸುವ ಡೋಬ್ರೊ ಗಿಟಾರಿಗೆ ಪಂಕ್ತಿಯ ತುದಿಯಲ್ಲಿ ಜಾಗವುಂಟು. ಡ್ರಮ್ ಕೂಡದು. ವಿದ್ಯುತ್ ತಂತಿ ಚುಚ್ಚುವ ಯಾವ ವಾದ್ಯವೂ ಕೂಡದು. ಯಾಕೆಂದು ಕೇಳಿದರೆ ಒಂದೇ ಉತ್ತರ: “ಮನ್ರೋ ಹೀಗೆ ಮಾಡುತ್ತಿರಲಿಲ್ಲ.”

ಮನ್ರೋ ಎಂದರೆ ಬಿಲ್ ಮನ್ರೋ. 1911ರಲ್ಲಿ ಕೆಂಟಕಿಯ ರೋಸಿನ್ ಎಂಬಲ್ಲಿ ಹುಟ್ಟಿದವರು. ಕೆಂಟಕಿಗೆ ಬ್ಲೂಗ್ರಾಸ್ ರಾಜ್ಯವೆಂಬ ಅಡ್ಡಹೆಸರು ಇದ್ದುದರಿಂದ ತಮ್ಮ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟು, 1939ರಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಓಪ್ರಿ’ ರೇಡಿಯೊ ಕಾರ್ಯಕ್ರಮ ಸೇರಿದರು. 1945ರಲ್ಲಿ ಗಿಟಾರಿಗೆ ಲೆಸ್ಟರ್ ಫ್ಲ್ಯಾಟ್, ಬ್ಯಾಂಜೊಗೆ ಅರ್ಲ್ ಸ್ಕ್ರಗ್ಸ್ ಬಂದು ಸೇರಿದ ಮೇಲೆ ಈ ಸಂಗೀತಕ್ಕೆ ಇಂದಿನ ರೂಪ ಬಂತು. ಕಾರ್ಯದರ್ಶಿ ಇದನ್ನು “ಬೆಟ್ಟದಷ್ಟು ಹಳೆಯ ಸಂಗೀತ” ಎನ್ನುತ್ತಾರೆ. ಲೆಕ್ಕ ಹಾಕಿದರೆ ಅದು ಅವರಿಗಿಂತ ಹತ್ತು ವರ್ಷಕ್ಕೆ ದೊಡ್ಡದು, ಅಷ್ಟೆ.

ಮನ್ರೋ ಅವರೇ ಮಡಿ ಮುರಿದ ಪ್ರಸಂಗಗಳೂ ಕಡಿಮೆಯಿಲ್ಲ. 1940ರ ದಶಕದಲ್ಲಿ ಅವರ ತಂಡದಲ್ಲಿ ಸ್ಯಾಲಿ ಆ್ಯನ್ ಫಾರೆಸ್ಟರ್ ಎಂಬಾಕೆ ಅಕಾರ್ಡಿಯನ್ ನುಡಿಸುತ್ತಿದ್ದರು. ಸ್ಕ್ರಗ್ಸ್ ಅವರ ಮೂರು ಬೆರಳಿನ ಬ್ಯಾಂಜೊ ಓಪ್ರಿ ಶ್ರೋತೃಗಳ ಕಿವಿಗೆ ಅಂದು ಹೊಚ್ಚಹೊಸದು. ‘ಬ್ಲೂ ಮೂನ್ ಆಫ್ ಕೆಂಟಕಿ’ಯನ್ನು ಮನ್ರೋ ಮೂರು ಮಾತ್ರೆಯ ವಿಳಂಬ ನಡೆಯಲ್ಲಿ ಹಾಡಿದ್ದರು. 1954ರಲ್ಲಿ ಎಲ್ವಿಸ್ ಪ್ರೀಸ್ಲಿ ಎಂಬ ಹುಡುಗ ಅದನ್ನು ಕುದುರೆ ಓಟಕ್ಕೆ ಹತ್ತಿಸಿದ. ಮನ್ರೋ ಜಗಳಕ್ಕೆ ಹೋಗಲಿಲ್ಲ. ಅದೇ ವರ್ಷ ತಾವೂ ಹಾಡನ್ನು ಮತ್ತೆ ಧ್ವನಿಮುದ್ರಿಸಿದರು. ಮೊದಲು ಹಳೆಯ ನಡೆ, ಆಮೇಲೆ ಓಟ.

ಇದೆಲ್ಲ ಕಾರ್ಯದರ್ಶಿಗೆ ಗೊತ್ತಿಲ್ಲವೆಂದಲ್ಲ. ತೇದಿ ಸಮೇತ ಬಾಯಿಪಾಠ. “ಮನ್ರೋ ಮಾಡಬಹುದು, ಅವರು ಮನ್ರೋ” ಎಂದು ಹೇಳಿ ಕಾಫಿ ಪಾತ್ರೆ ತೊಳೆಯಲು ಹೊರಡುತ್ತಾರೆ.

ವೇದಿಕೆಯ ಮೇಲೆ ಒಂದೇ ಒಂದು ಮೈಕು. ಅದು ನಿಲ್ಲಬೇಕಾದ ಜಾಗಕ್ಕೆ ಶುಕ್ರವಾರವೇ ನೆಲದ ಮೇಲೆ ಟೇಪ್ ಅಂಟಿಸಿರುತ್ತಾರೆ. ಒಂದು ಮೈಕಿನ ಆಟವನ್ನು ಹತ್ತಿರ ಕೂತು ನೋಡಬೇಕು. ಹಾಡುವವನು ಎರಡು ಹೆಜ್ಜೆ ಹಿಂದೆ ಸರಿದ ಕ್ಷಣಕ್ಕೇ ಬ್ಯಾಂಜೊದವನು ನುಗ್ಗುತ್ತಾನೆ. ಅವನ ಸರದಿ ಮುಗಿಯುವಷ್ಟರಲ್ಲಿ ಪಿಟೀಲಿನವಳು ಎಡದಿಂದ ಬಂದಿರುತ್ತಾಳೆ. ಅವಳ ಕಮಾನಿನ ತುದಿಯಿಂದ ಕಣ್ಣು ಕಾಪಾಡಿಕೊಂಡು ಮ್ಯಾಂಡೊಲಿನ್‌ನವನು ಬಲಕ್ಕೆ ವಾಲುತ್ತಾನೆ. ಸ್ವರ ಸೇರಿಸಿ ಹಾಡುವಾಗ ಮೂರು ತಲೆಗಳು, ಮೂರು ಟೋಪಿಗಳು ಒಂದೇ ಮೈಕಿಗೆ ಮುಗಿಬೀಳುತ್ತವೆ. ಹಿಂದೆ ನಿಂತ ಬಾಸಿನವನೊಬ್ಬನೇ ಅಲುಗುವುದಿಲ್ಲ. ಯಾರೂ ಯಾರ ಕಾಲೂ ತುಳಿಯದಿದ್ದರೆ ಕಾರ್ಯದರ್ಶಿ ಗೋಡೆಗೆ ಒರಗಿ ತಲೆದೂಗುತ್ತಾರೆ.

ಹಾಡು ಹಾಡಿನ ನಡುವೆ ಬ್ಯಾಂಜೊ ಶ್ರುತಿ ಮಾಡುವ ಕಾರ್ಯಕ್ರಮ ಬೇರೆ. ಅದರ ಐದನೆಯ ತಂತಿ ಗಿಡ್ಡ. ಅದರ ಬಿರಡೆ ಕತ್ತಿನ ನಡುವೆ ಇರುತ್ತದೆ. ಹಾಡುಗಾರನಿಗೆ ಶ್ರುತಿ ಏರಬೇಕೆಂದಾಗ ಉಳಿದ ನಾಲ್ಕು ತಂತಿಗಳಿಗೆ ಒಂದೇ ಕ್ಲಿಪ್ಪು ಸಾಕು, ಐದನೆಯದಕ್ಕೆ ಬೇರೆ ಏರ್ಪಾಡಾಗಬೇಕು. ಅದಕ್ಕೆಂದೇ ಆಟಿಕೆ ರೈಲು ಹಳಿಯ ಪುಟ್ಟ ಮೊಳೆಗಳನ್ನು ಬ್ಯಾಂಜೊ ಕತ್ತಿಗೆ ಹೊಡೆದು, ತಂತಿಯನ್ನು ಅವುಗಳಡಿ ಸಿಕ್ಕಿಸುವುದುಂಟು. ಈ ಬಿಡುವಿಗೆ ಕಾರ್ಯದರ್ಶಿಯ ಬಳಿ ಒಂದು ಹಳೆಯ ಜೋಕು ಸಿದ್ಧವಿದೆ: ಬ್ಯಾಂಜೊದವನು ಅರ್ಧ ಆಯುಷ್ಯ ಶ್ರುತಿ ಮಾಡುತ್ತಾನೆ, ಇನ್ನರ್ಧ ಅಪಶ್ರುತಿಯಲ್ಲಿ ನುಡಿಸುತ್ತಾನೆ. ಬ್ಯಾಂಜೊದವನೂ ನಗುತ್ತಾನೆ. ಪ್ರತಿ ಊರಿನಲ್ಲೂ ಕೇಳಿದ ಜೋಕಿಗೆ ನಗುವುದು ಅವನ ಸಂಭಾವನೆಯ ಲೆಕ್ಕದಲ್ಲೇ ಸೇರಿದೆ.

ಕಳೆದ ಸಲ ಕಾಫಿ ವೇಳೆಯಲ್ಲಿ ಸಣ್ಣ ಧರ್ಮಸಂಕಟವೊಂದು ಎದುರಾಯಿತು. ಪಕ್ಕದ ಊರಿಗೆ ಕೆಲಸಕ್ಕೆ ಬಂದಿರುವ ಮೈಸೂರಿನ ದಂಪತಿಗಳು ಬ್ಯಾಂಜೊ ಮಾಂತ್ರಿಕ ಬೇಲಾ ಫ್ಲೆಕ್ ಅವರ ಮಾತೆತ್ತಿದರು. ಫ್ಲೆಕ್ ನಮ್ಮ ಜಾಕಿರ್ ಹುಸೇನ್, ರಾಕೇಶ್ ಚೌರಾಸಿಯಾ ಅವರ ಜೊತೆ ನುಡಿಸಿದ ‘ಆ್ಯಸ್ ವೀ ಸ್ಪೀಕ್’ ಆಲ್ಬಮ್ಮಿಗೆ 2024ರಲ್ಲಿ ಗ್ರ್ಯಾಮಿ ಬಂತಲ್ಲ, ತಾವು ಕೇಳಿದ್ದೀರಾ? ಕಾರ್ಯದರ್ಶಿ ಕೇಳಿದ್ದರು. ಇಷ್ಟವೂ ಆಗಿತ್ತು. ಕಪ್ಪನ್ನು ಎರಡು ಸಲ ತಿರುಗಿಸಿ, “ತಬಲಾ ಡ್ರಮ್ಮಿನ ಜಾತಿಗೆ ಸೇರುವುದಿಲ್ಲ ಅಲ್ಲವೇ?” ಎಂದರು. ಮೈಸೂರಿನವರು ಸಂಕೋಚದ ಜನ. “ಸೇರುವುದಿಲ್ಲ” ಎಂದುಬಿಟ್ಟರು.

ರೊಕ್ಕದ ವ್ಯವಹಾರ ಬಿಸ್ಕತ್ತಿನ ಡಬ್ಬಿಯಲ್ಲಿ. ಬಾಗಿಲಲ್ಲಿ ಕೈಲಾದಷ್ಟು ಹಾಕಬೇಕು. ಹಾಲಿನ ಬಾಡಿಗೆ ಕಳೆದು ಉಳಿದದ್ದು ತಂಡಕ್ಕೆ. ಸಾಲದಿದ್ದರೆ ಕಾರ್ಯದರ್ಶಿ ತಮ್ಮ ಪಾಕೀಟಿನಿಂದ ಸೇರಿಸುತ್ತಾರೆ, ಖಜಾಂಚಿಗೆ ತಿಳಿಯದಂತೆ. ಖಜಾಂಚಿ ಅವರ ಹೆಂಡತಿಯೇ ಆದ್ದರಿಂದ ತಿಳಿದೇ ತಿಳಿಯುತ್ತದೆ. ಆ ಐವರು ಸಾಯಂಕಾಲವೆಲ್ಲ ವ್ಯಾನ್ ಓಡಿಸಿಕೊಂಡು ಬರುವುದು ಡಬ್ಬಿಯ ಭರವಸೆಯಿಂದಲ್ಲ, ಈ ಜಿಗುಟು ಮುದುಕರ ಭರವಸೆಯಿಂದ. ದೊಡ್ಡ ಊರುಗಳಲ್ಲಿ ಈ ಸಂಗೀತಕ್ಕೆ ಪ್ರಶಸ್ತಿ ಸಿಗಬಹುದು. ಸಣ್ಣ ಊರುಗಳಲ್ಲಿ ಅದು ಉಳಿದಿರುವುದು ಇಂಥವರಿಂದ.

ಆದ್ದರಿಂದ ಶನಿವಾರ ಆ ಕಡೆ ಇರುವವರು ಏಳಕ್ಕೆ ಐದು ನಿಮಿಷ ಮುಂಚೆ ಬನ್ನಿ, ಡಬ್ಬಿಗೆ ಧಾರಾಳವಾಗಿ ಹಾಕಿ. ಅಪ್ಪಿತಪ್ಪಿ ಅಕಾರ್ಡಿಯನ್ ತಂದಿದ್ದರೆ, ಬಾಗಿಲಲ್ಲಿ ಸ್ಯಾಲಿ ಆ್ಯನ್ ಫಾರೆಸ್ಟರ್ ಹೆಸರು ಹೇಳಿ ನೋಡಿ. ಒಳಗೆ ಬಿಡಲಾರರು, ಆದರೆ ಕಾಫಿ ಖಂಡಿತ ಕೊಡುತ್ತಾರೆ.