ಈಸಲಪ್ಪ

ಮಾರ್ಚ್ ಬಂತೆಂದರೆ ರಾಜಾಜಿನಗರದಲ್ಲಿ ಹೊಂಗೆ ಚಿಗುರುತ್ತದೆ, ಶಾಲೆ ಗೇಟಿನ ಮುಂದೆ ಉಪ್ಪು ಖಾರ ಸವರಿದ ಮಾವಿನಕಾಯಿ ಬರುತ್ತದೆ, ಈಸಲಪ್ಪ ಮಂಚದ ಕೆಳಗಿನ ಟ್ರಂಕಿನಿಂದ ಆರ್‌ಸಿಬಿಯ ಕೆಂಪು ಜೆರ್ಸಿ ಹೊರತೆಗೆಯುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ವರ್ಷ ವರ್ಷವೂ ‘ಈ ಸಲ ಕಪ್ ನಮ್ದೇ’ ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ್ದಕ್ಕೆ ಬೀದಿಯೇ ಮಾಡಿದ ನಾಮಕರಣ ಇದು. ಇವನು ಒಬ್ಬನೇ ಎಂದು ತಿಳಿಯಬೇಡಿ. ಒಂದನೇ ಬ್ಲಾಕಿನಿಂದ ಆರನೇ ಬ್ಲಾಕಿನವರೆಗೆ ಕ್ರಾಸಿಗೊಬ್ಬ ಸಿಗುತ್ತಾನೆ. ಭಾಷ್ಯಂ ಸರ್ಕಲ್ ಹತ್ತಿರ ಇಬ್ಬರು ಸಿಕ್ಕರೂ ಸಿಗಬಹುದು.

ಗೆದ್ದ ದಿನ ಇವನನ್ನು ನೋಡಿ ಪ್ರಯೋಜನವಿಲ್ಲ. ಗೆದ್ದಾಗ ಎಲ್ಲರೂ ಒಂದೇ ಥರ ಕುಣಿಯುತ್ತಾರೆ. ಸೋಲಬೇಕು, ಅದೂ ಚೆನ್ನೈ ಕೈಯಲ್ಲಿ ಸೋಲಬೇಕು, ಅದೂ ಮಕಾಡೆ ಬೀಳುವ ಹಾಗೆ. ಆಗ ಈಸಲಪ್ಪನ ಪ್ರತಿಭೆ ಅರಳುತ್ತದೆ.

2019ರ ಮಾರ್ಚ್ 23ನ್ನೇ ತೆಗೆದುಕೊಳ್ಳಿ. ಶನಿವಾರ ರಾತ್ರಿ, ಚೆಪಾಕಿನಲ್ಲಿ ಆ ವರ್ಷದ ಐಪಿಎಲ್‌ನ ಮೊದಲ ಪಂದ್ಯ. ಮನೆಯ ಟಿವಿ ಮುಂದೆ ಆಸನ ವ್ಯವಸ್ಥೆ ಸಂಜೆಯೇ ನಿಗದಿಯಾಗಿತ್ತು. ಹಿಂದಿನ ಯಾವುದೋ ಗೆಲುವಿನಲ್ಲಿ ಯಾರು ಎಲ್ಲಿದ್ದರೋ ಅಲ್ಲಿಯೇ ಕೂರಬೇಕು. ಭಾವ ದಿವಾನದ ಮೇಲೆ, ತಂಗಿ ನೆಲದ ಮೇಲೆ, ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತೇ ಇರಬೇಕು, ಏಕೆಂದರೆ ಅಂದು ನಿಂತಿದ್ದರು. ಕೊಹ್ಲಿ ಕ್ರೀಸಿನಲ್ಲಿರುವಾಗ ಯಾರೂ ಬಚ್ಚಲಿಗೆ ಹೋಗುವಂತಿಲ್ಲ. ಅಂದು ಆ ನಿಯಮದಿಂದ ಯಾರಿಗೂ ಹೆಚ್ಚು ತೊಂದರೆಯಾಗಲಿಲ್ಲ. ಕೊಹ್ಲಿ 6ಕ್ಕೆ ಹೊರಟರು. ಡಿವಿಲಿಯರ್ಸ್ 9, ಮೊಯಿನ್ ಅಲಿ 9. ಮೂವರನ್ನೂ ಕಳಿಸಿದ್ದು ಹರ್ಭಜನ್. ಪಾರ್ಥಿವ್ ಪಟೇಲ್ ಒಬ್ಬರೇ ಎರಡಂಕಿ ಮುಟ್ಟಿದ್ದು, 29. ಒಟ್ಟು ಮೊತ್ತ 70, ಆಲೌಟ್. ಅಮ್ಮ ಬಾಗಿಲಿಂದಲೇ, “ಏನೋ, ಆಗಲೇ ಮುಗೀತಾ? ಸಾರು ಬಿಸಿ ಮಾಡ್ಲಾ?” ಎಂದರು. ಈಸಲಪ್ಪ ಅಮ್ಮನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲು ನನಗೆ ಬಾರದು.

ಸೋತ ಮೇಲೆ ಮೊದಲ ಅರ್ಧ ಗಂಟೆ ಅವನು ಪಿಚ್ ತಜ್ಞ. “ಅದು ಪಿಚ್ಚಾ ಗುರು? ರಾಗಿ ಹೊಲ! ಧೋನಿನೇ ಇಷ್ಟು ಸ್ಲೋ ಅಂದ್ಕೊಂಡಿರ್ಲಿಲ್ಲ ಅಂದ.” ಗೆದ್ದ ನಾಯಕನ ದೂರನ್ನೇ ಸೋತವನು ಸಾಕ್ಷಿಗೆ ಕರೆಯುವುದು ವಕೀಲಿಕೆಯಲ್ಲೂ ಅಪರೂಪದ ಪಟ್ಟು.

ಮುಂದಿನ ಅರ್ಧ ಗಂಟೆ ಆಯ್ಕೆ ಸಮಿತಿ. ಹರಾಜಿನಲ್ಲಿ ಯಾರನ್ನು ಕೊಳ್ಳಬೇಕಿತ್ತು, ಯಾರನ್ನು ಬಿಡಬಾರದಿತ್ತು, ನಮ್ಮ ಕನ್ನಡದ ಹುಡುಗರನ್ನೆಲ್ಲ ಊರೂರಿಗೆ ಹಂಚಿ ನಾವೇಕೆ ಕೈಕಟ್ಟಿ ಕೂತೆವು. “ಮಾರಿಬಿಡ್ಲಿ ಟೀಮ್ನ. ಇನ್ನು ನಾನು ಕ್ರಿಕೆಟ್ ನೋಡಿದ್ರೆ ಕೇಳು.” ಈ ಶಪಥದ ಆಯುಷ್ಯ ಮುಂದಿನ ಪಂದ್ಯದ ಟಾಸಿನವರೆಗೆ.

ನಂತರ ಬರುವುದು ಗಣಿತ, ನನಗೆ ಬಹಳ ಇಷ್ಟವಾದ ಘಟ್ಟ. ಪಿಯುಸಿಯಲ್ಲಿ ಗಣಿತಕ್ಕೆ ಸಪ್ಲಿಮೆಂಟರಿ ಕಟ್ಟಿದವನು ತಡರಾತ್ರಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನೆಟ್ ರನ್ ರೇಟ್ ಬಿಡಿಸುತ್ತಾನೆ. ಆಲೌಟಾದರೆ ಪೂರ್ತಿ 20 ಓವರ್ ಆಡಿದ ಲೆಕ್ಕ, ಆದ್ದರಿಂದ ನಮ್ಮದು 70 ಭಾಗಿಸು 20, ಮೂರೂವರೆ. ಅವರು 71 ಹೊಡೆಯಲು ತೆಗೆದುಕೊಂಡದ್ದು 17.4 ಓವರ್, ಅಂದರೆ ನಾಲ್ಕು ಚಿಲ್ಲರೆ. ಕಳೆದರೆ? ಅವನ ಮುಖ ಬೆಳಗುತ್ತದೆ. “ಬರೀ ಮೈನಸ್ ಅರ್ಧ ಗುರು! ಇದು ಸೋಲೇ ಅಲ್ಲ!” ಭಾಗಾಕಾರ ಸರಿಯಾಗಿಯೇ ಇದೆ, ನಾನೂ ಮಾಡಿ ನೋಡಿದ್ದೇನೆ. ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ. ಆಮೇಲೆ ತಂಡ ಇನ್ನೂ ಐದು ಪಂದ್ಯ ಒಂದರ ಹಿಂದೆ ಒಂದು ಸೋತಿತು, ಅದು ಬೇರೆ ಮಾತು.

ಬೆಳಗಾದರೆ ದರ್ಶಿನಿ. ಅಲ್ಲಿ ನಿಂತು ತಿನ್ನುವ ಮೇಜಿನ ಹತ್ತಿರ ಹಳದಿ ಅಂಗಿ ಕಾಯುತ್ತಿರುತ್ತದೆ. ಅದರೊಳಗಿನವನು ಈಸಲಪ್ಪನ ಜೊತೆ ಒಂದೇ ಕ್ರಾಸಿನಲ್ಲಿ ಗೋಲಿ ಆಡಿ ಬೆಳೆದವನು, ನವರಂಗ್ ಥಿಯೇಟರಿನಲ್ಲಿ ಜೊತೆಗೆ ಶಿಳ್ಳೆ ಹೊಡೆದವನು, ಅಣ್ಣಾವ್ರ ಹುಟ್ಟುಹಬ್ಬಕ್ಕೆ ಪಾನಕ ಹಂಚುವವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮಗಿಂತ ಖಡಕ್ ಕನ್ನಡ. ಅವನು ಏನೂ ಹೇಳುವುದಿಲ್ಲ. ಕಾಫಿ ಹೀರುತ್ತ ಕ್ಯಾಷಿಯರನ್ನು ಕೇಳುತ್ತಾನೆ: “ಅಣ್ಣಾ, ಮಸಾಲೆ ದೋಸೆ ಎಪ್ಪತ್ತಾ?”

ಈಸಲಪ್ಪನ ಬಳಿ ಇದಕ್ಕೂ ಉತ್ತರವಿದೆ, ಆದರೆ ಉತ್ತರ ಕೊಡಲು ಹೋಗಿ ಒಮ್ಮೆ ಸಿಕ್ಕಿಬಿದ್ದ. “ನಮ್ಮ ಊರಲ್ಲಿದ್ಕೊಂಡು ಚೆನ್ನೈಗೆ ಜೈ ಅಂತೀಯಾ?” ಎಂದ. ಹಳದಿ ಅಂಗಿ ತಣ್ಣಗೆ, “ನೀನಿರೋ ಬಡಾವಣೆ ಯಾರ ಹೆಸರಲ್ಲಿದೆ ಮಗಾ?” ಎಂದಿತು. ಈಸಲಪ್ಪ ಎರಡು ದಿನ ಎಲ್ಲೆಲ್ಲೋ ತಡಕಾಡಿ ರಾಜಾಜಿ ಬಿ.ಎ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂಬುದನ್ನು ಪತ್ತೆಹಚ್ಚಿದ. “ಅಂದ್ರೆ ಲೋಕಲ್ ಪ್ಲೇಯರ್. ಹರಾಜಿನಲ್ಲಿ ಮದ್ರಾಸು ಎತ್ಕೊಂಡು ಹೋಯ್ತು, ಅಷ್ಟೆ.” ವಾದ ಗೆದ್ದನೆಂದು ಅವನ ತೀರ್ಮಾನ. ಬೈ-ಟು ಕಾಫಿಯ ಎರಡನೇ ಲೋಟ ಎಂದಿನಂತೆ ಹಳದಿ ಅಂಗಿಯ ಕಡೆ ಸರಿಯಿತು.

ಕ್ರೀಡಾಂಗಣಕ್ಕೇ ಹೋಗಿ ಸೋತು ಬರುವ ದಿನಗಳದ್ದು ಇನ್ನೊಂದು ಬಗೆ. ಹೋಗುವಾಗ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಹತ್ತಿ ಕಬ್ಬನ್ ಪಾರ್ಕ್, ಉದ್ದಕ್ಕೂ ‘ಆರ್‌ಸಿಬಿ, ಆರ್‌ಸಿಬಿ’. ಬರುವಾಗ ಅದೇ ಮೆಟ್ರೋದಲ್ಲಿ ‘ಬಾಗಿಲುಗಳಿಂದ ದೂರವಿರಿ’ ಎಂಬ ಧ್ವನಿ ಬಿಟ್ಟರೆ ಬೇರೆ ಮಾತಿಲ್ಲ. ಏಪ್ರಿಲ್ ಸೆಕೆಯಲ್ಲಿ ಜರ್ಕಿನ್ ತೊಟ್ಟು ಜಿಪ್ಪನ್ನು ಗಂಟಲವರೆಗೆ ಏರಿಸಿಕೊಂಡವನು ಕಂಡರೆ ಸ್ಕೋರ್ ಕೇಳುವುದು ಬೇಡ, ಒಳಗೆ ಕೆಂಪಿದೆ. 2025ರ ಏಪ್ರಿಲ್ 10ರ ರಾತ್ರಿಯಂತೂ ಈಸಲಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸೋಲಿಸಿದ್ದು ಡೆಲ್ಲಿ, ಸೋಲಿಸಿದವನು ನಮ್ಮ ಕೆ.ಎಲ್. ರಾಹುಲ್, 93 ನಾಟೌಟ್. ಸಾಲದ್ದಕ್ಕೆ ‘ಕಾಂತಾರ’ದ ಶೈಲಿಯಲ್ಲಿ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಎಂದು ಸಾರಿದ್ದು ಬೇರೆ. “ಹೊಡೆದವನು ನಮ್ಮವನೇ ತಾನೇ,” ಎಂದು ಎದೆಯುಬ್ಬಿಸಿದ, ಮೆಜೆಸ್ಟಿಕ್‌ನಲ್ಲಿ ಇಳಿಯುವಷ್ಟರಲ್ಲಿ, “ನಮ್ಮವನಾಗಿ ನಮಗೇ ಹಿಂಗ್ ಮಾಡಬಹುದಾ?” ಎಂದು ಕುಗ್ಗಿದ.

ಅವನ ಪಂಚಾಂಗದಲ್ಲಿ ಅಶುಭ ತಿಥಿ ಏಪ್ರಿಲ್ 23. ಇದನ್ನು ನಾನು ಮೊದಲು ಮೂಢನಂಬಿಕೆ ಎಂದೆ. ಅವನು ಬೆರಳು ಮಡಚಿ ಲೆಕ್ಕ ಕೊಟ್ಟ. 2013ರ ಏಪ್ರಿಲ್ 23, ಪುಣೆ ವಿರುದ್ಧ 263, ಗೇಲ್ ಒಬ್ಬರದೇ 175. 2017ರ ಏಪ್ರಿಲ್ 23, ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತಾ ವಿರುದ್ಧ 49ಕ್ಕೆ ಆಲೌಟ್, ಹನ್ನೊಂದು ಜನರಲ್ಲಿ ಒಬ್ಬರೂ ಎರಡಂಕಿ ಕಾಣಲಿಲ್ಲ. 2022ರ ಏಪ್ರಿಲ್ 23, ಹೈದರಾಬಾದ್ ವಿರುದ್ಧ 68. “ಒಂದೇ ದಿನ ಸಿಕ್ಕಾಪಟ್ಟೆ ಹೊಡೆದ್ವಲ್ಲ, ದೇವರು ಕಂತಿನಲ್ಲಿ ವಾಪಸ್ ತಗೊಳ್ತಿದಾನೆ.” ಆ ದಿನ ಪಂದ್ಯವಿರಲಿ ಬಿಡಲಿ, ಮಹಾಲಕ್ಷ್ಮಿಪುರದ ಆಂಜನೇಯನಿಗೆ ಒಂದು ಪ್ರದಕ್ಷಿಣೆ ಖಾಯಂ.

ಇಷ್ಟೆಲ್ಲ ನಡೆಯುವಾಗ ಮೂಲೆಯ ಬೆತ್ತದ ಕುರ್ಚಿಯಲ್ಲಿ ತಾತ ಇರುತ್ತಾರೆ. ಟ್ವೆಂಟಿ-20 ಅವರ ಪ್ರಕಾರ ಕ್ರಿಕೆಟ್ ಅಲ್ಲ, ಆದರೂ ಒಂದು ಚೆಂಡೂ ಬಿಡದೆ ನೋಡುತ್ತಾರೆ. ಮೊಮ್ಮಗನ ಸಂಕಟ ಕಂಡು ಒಂದೇ ಮಾತು: “ಎಪ್ಪತ್ತು ಹೊಡೆದು ಸೋತಿದ್ದಕ್ಕೆ ಇಷ್ಟು ಗೋಳಾ? ನಾವು 705 ಹೊಡೆದು ಸೋತವರು ಕಣೋ.” 1982ರ ರಣಜಿ ಫೈನಲ್, ದೆಹಲಿಯ ಕೋಟ್ಲಾ ಮೈದಾನ. ಕರ್ನಾಟಕ 705. ಎದುರಾಳಿ ದೆಹಲಿ ಎಂಟು ವಿಕೆಟ್ಟಿಗೆ 707, ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಟ್ರೋಫಿ ಅವರ ಪಾಲು. ತಾತ ಇದನ್ನು ಹೇಳುವಾಗ ದನಿಯಲ್ಲಿ ನೋವಿಗಿಂತ ಜಂಬವೇ ಹೆಚ್ಚು. ಸೋಲಿನಲ್ಲೂ ದೊಡ್ಡ ಮನೆತನದವರು ನಾವು ಎನ್ನುವ ಧಾಟಿ. ಈಸಲಪ್ಪನ ರಕ್ತದಲ್ಲಿ ಈ ವಿದ್ಯೆ ಎಲ್ಲಿಂದ ಬಂತೆಂಬ ಅನುಮಾನ ಅಲ್ಲಿಗೆ ತೀರಿತು.

ಕೊನೆಗೆ ಕಪ್ಪೂ ಬಂತು. 2025ರ ಜೂನ್ 3, ಅಹಮದಾಬಾದ್, ಪಂಜಾಬ್ ವಿರುದ್ಧ 6 ರನ್ನಿನ ಗೆಲುವು. 2009ರಲ್ಲಿ ಕುಂಬ್ಳೆ ನಾಯಕತ್ವದಲ್ಲಿ ಫೈನಲ್ ಸೋತದ್ದೂ ಆರೇ ರನ್ನಿನಿಂದ, ಬಡ್ಡಿಯಿಲ್ಲದೆ ಸಾಲ ತೀರಿತು ಎಂದು ಈಸಲಪ್ಪ ರಾತ್ರಿಯಿಡೀ ಅತ್ತ. ಮರುದಿನ ಸಂಜೆ ಇಲ್ಲಿ ಬೆಂಗಳೂರಿನ ಕ್ರೀಡಾಂಗಣದ ಬಾಗಿಲ ಬಳಿ ಕಾಲ್ತುಳಿತದಲ್ಲಿ 11 ಮಂದಿ ಹೋದರು. ಆ ಮಾತು ಬಂದರೆ ಅವನು ಎದ್ದು ಹೊರಗೆ ಹೋಗುತ್ತಾನೆ, ಹಳದಿ ಅಂಗಿಯೂ ಹಿಂದೆಯೇ ಹೋಗುತ್ತದೆ. ಅದರ ಬಗ್ಗೆ ತಮಾಷೆ ಮಾಡುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಕಪ್ ಬಂದ ಮೇಲೆ ಸೋಲು ಹಗುರವಾಗಬೇಕಿತ್ತು. ಆಗಿಲ್ಲ. ಹಾಲಿನ ಪುಸ್ತಕದ ಹಿಂದಿನ ಹಾಳೆಗಳು ಈಗಲೂ ತುಂಬುತ್ತಲೇ ಇವೆ. ಆದ್ದರಿಂದ ಒಂದು ವಿನಂತಿ. ಸೋತ ರಾತ್ರಿಯ ಮರುದಿನ ನೀವು ರಾಜಾಜಿನಗರದ ಯಾವುದಾದರೂ ದರ್ಶಿನಿಗೆ ಬಂದರೆ, ಜರ್ಕಿನ್ ತೊಟ್ಟವನನ್ನು “ನಿನ್ನೆ ಮ್ಯಾಚ್ ನೋಡಿದ್ರಾ?” ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ನೆಟ್ ರನ್ ರೇಟ್ ಕಲಿಯದೆ ಹೊರಡುವಂತಿಲ್ಲ, ಕಾಫಿ ಬಿಲ್ಲೂ ನಿಮ್ಮದೇ.