ಸಿಗ್ನಲ್ ಕೆಂಪಿರುವಷ್ಟು ಹೊತ್ತು

ಮಗ ಐದನೇ ಕ್ಲಾಸಿನಲ್ಲಿ ಇರುವವರೆಗೂ ಅವನ ಶಾಲೆಯ ಸಮಸ್ತ ವರ್ತಮಾನ ನನ್ನ ಬಳಿ ಇರುತ್ತಿತ್ತು. ಯಾರ ಡಬ್ಬಿಯಲ್ಲಿ ಉಪ್ಪಿಟ್ಟು, ಯಾವ ಮಿಸ್ ಹೊಸ ಸೀರೆ ಉಟ್ಟಿದ್ದರು, ಯಾರ ಹಲ್ಲು ಯಾರ ಮೊಣಕೈಯಿಂದ ಬಿತ್ತು, ಎಲ್ಲವೂ. "ಸಾಕು ಮಾರಾಯ, ಮೊದಲು ಉಣ್ಣು" ಎಂದು ಬೇಡಿಕೊಂಡರೂ ಬಾಯಿ ನಿಲ್ಲುತ್ತಿರಲಿಲ್ಲ.

ಈಗ ಏಳನೇ ಕ್ಲಾಸು. "ಇವತ್ತು ಸ್ಕೂಲಲ್ಲಿ ಏನಾಯ್ತೋ?" ಅಂದರೆ "ಏನಿಲ್ಲ." ಮಧ್ಯಾಹ್ನ ಏನಾಟ ಆಡಿದಿರಿ? "ಏನಿಲ್ಲ." ಆರನೇ ಕ್ಲಾಸಿನಿಂದ ಮೂರನೇ ಭಾಷೆಯೂ ಶುರುವಾಗಿದೆ. ಕಲಿಯುವ ಭಾಷೆ ಮೂರಾಯಿತು, ಆಡುವ ಮಾತು ಒಂದಕ್ಕೆ ಇಳಿಯಿತು.

ಹೀಗಾಗಿ ನಾನೀಗ ಹೆಣ್ಣುಮಕ್ಕಳ ತಾಯಂದಿರನ್ನು ನಂಬಿ ಬದುಕುತ್ತಿದ್ದೇನೆ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, "ನಿಮ್ಮ ಮಗ ಕಬಡ್ಡಿ ಟೀಮಿಗೆ ಕ್ಯಾಪ್ಟನ್ ಅಂತೆ, ಕಂಗ್ರಾಟ್ಸ್!" ಎಂದು ಬರೆಯುತ್ತಾರೆ. ಅವನು ಕಬಡ್ಡಿ ಆಡುತ್ತಾನೆಂಬುದೇ ನನಗೆ ಹೊಸ ಸುದ್ದಿ. ಆದರೂ ಹಳೇ ಸುದ್ದಿಯೆಂಬಂತೆ "ಹೌದು ರೀ, ಥ್ಯಾಂಕ್ಸ್" ಎಂದು ಒಂದು ನಗುಮುಖ ಒತ್ತುತ್ತೇನೆ.

ನಮ್ಮ ಅತ್ತೆಯ ಬಳಿ ಇದಕ್ಕೂ ಸುಭಾಷಿತ ಸಿದ್ಧ. ಐದು ವರ್ಷ ಮುದ್ದಿಸು, ಮುಂದಿನ ಹತ್ತು ವರ್ಷ ಬಡಿ, ಹದಿನಾರಕ್ಕೆ ಕಾಲಿಟ್ಟ ಮೇಲೆ ಗೆಳೆಯನಂತೆ ಕಾಣು ಎಂಬರ್ಥದ್ದು. ಲೆಕ್ಕ ಹಾಕಿದರೆ ಹನ್ನೆರಡರ ಹುಡುಗ ಸರಿಯಾಗಿ ಬಡಿತದ ಖಾತೆಗೆ ಬೀಳುತ್ತಾನೆ. ಶಾಲೆಯಲ್ಲಿ ಬಡಿಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ನಿಷೇಧಿಸಿರುವುದು ಅವನ ಎತ್ತರ.

ಅವನು ಬಾಯಿ ಬಿಡುವುದು ಸ್ಕೂಟರಿನ ಮೇಲೆ. ಎದುರು ಕೂರಿಸಿಕೊಂಡು ಕೇಳಿದರೆ ಸ್ಟೇಷನ್ನಿನಲ್ಲಿ ವಿಚಾರಣೆಗೆ ಕೂತವನಂತೆ ಗೋಡೆ ನೋಡುವ ಹುಡುಗ, ಹಿಂದಿನ ಸೀಟಿಗೆ ಹೋದೊಡನೆ ಸಡಿಲವಾಗುತ್ತಾನೆ. ಅಲ್ಲಿ ನನ್ನ ಮುಖ ಅವನಿಗೆ ಕಾಣುವುದಿಲ್ಲ, ಅವನದು ನನಗೆ ಕಾಣುವುದಿಲ್ಲ. ದೋಸೆ ಹುಯ್ಯುತ್ತ ಬೆನ್ನು ತಿರುಗಿಸಿ ನಿಂತಾಗಲೂ ಇದೇ ಗುಣ ಕಂಡಿದ್ದೇನೆ, ಆದರೆ ದಿನವೂ ದೋಸೆ ಹುಯ್ಯಲಾದೀತೆ?

ತೊಂದರೆ ಒಂದೇ. ಹಿಂದೆ ಕೂತವರೂ ಹೆಲ್ಮೆಟ್ ಹಾಕುವುದು 2016ರಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯ. ಎರಡು ಹೆಲ್ಮೆಟ್‌ಗಳನ್ನು ದಾಟಿ ಗುಟ್ಟು ಬರಬೇಕಾದರೆ ಕಿರುಚಲೇಬೇಕು. ಮೊನ್ನೆ ಕನಕಪುರ ರಸ್ತೆಯ ಸಾರಕ್ಕಿ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಘೋಷಣೆ: "ಅಮ್ಮಾ, ನಂಗೆ ಮೀಸೆ ಯಾವಾಗ ಬರತ್ತೆ?"

"ಹಾ?"

"ಮೀಸೇ!"

ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದ ಆಟೋದವರು ಕತ್ತು ಹೊರಗೆ ಹಾಕಿ, "ಬರತ್ತೆ ಬಿಡೋ ಮರಿ, ಏನ್ ಅರ್ಜೆಂಟು" ಎಂದು ಸಮಾಧಾನ ಹೇಳಿದರು. ಹಸಿರು ಬಿತ್ತು, ಸಭೆ ಬರಖಾಸ್ತು. ಬೆಂಗಳೂರಿನ ಟ್ರಾಫಿಕ್ಕನ್ನು ಮನಸಾರೆ ಹರಸುವ ಹೆಂಗಸು ಊರಿಗೆಲ್ಲ ಬಹುಶಃ ನಾನೊಬ್ಬಳೇ.

ಶಾಲೆಯ ಗೇಟಿನವರೆಗೆ ಹೋಗುವ ಹಕ್ಕು ನನಗಿಲ್ಲ. ಬೇಕರಿ ಹತ್ತಿರವೇ ಇಳಿದು, ಯಾರೋ ಅಪರಿಚಿತಳಿಂದ ಲಿಫ್ಟ್ ಪಡೆದವನಂತೆ ನಡೆದುಬಿಡುತ್ತಾನೆ.

ಅವನು ಮಾತಾಡುವ ಇನ್ನೊಂದು ಹೊತ್ತು ರಾತ್ರಿ ಹನ್ನೊಂದು. ಈ ವಯಸ್ಸಿಗೆ ನಿದ್ದೆಯ ಹಾರ್ಮೋನು ಮೆಲಟೋನಿನ್ ತಡವಾಗಿ ಸ್ರವಿಸುತ್ತದೆ, ಆದ್ದರಿಂದ ಮಕ್ಕಳಿಗೆ ಬೇಗ ನಿದ್ದೆ ಹತ್ತುವುದಿಲ್ಲ ಎಂದು ವೈದ್ಯರು ವಿವರಿಸುತ್ತಾರೆ. ಸರಿ, ನನ್ನದು ಹತ್ತು ಗಂಟೆಗೇ ಸ್ರವಿಸಿ ಮುಗಿದಿರುತ್ತದಲ್ಲ! ದೀಪ ಆರಿಸಿದ ಮೇಲೆ ಕತ್ತಲಲ್ಲಿ, "ಅಮ್ಮ, ಬೆಸ್ಟ್ ಫ್ರೆಂಡು ಮಾತು ಬಿಟ್ರೆ ಏನ್ ಮಾಡ್ಬೇಕು?" ಎಂದು ಕೇಳುತ್ತಾನೆ. ದಿನವಿಡೀ ಕಾದ ಪ್ರಶ್ನೆ. ಕಣ್ಣಿಗೆ ನೀರು ಚಿಮುಕಿಸಿಕೊಂಡು ಎದ್ದು ಕೂರುತ್ತೇನೆ.

ಮೊನ್ನೆ ಸ್ಕೂಟರಿನಲ್ಲಿ ಹೊಸ ಮಸೂದೆ ಮಂಡಿಸಿದ: "ಎಂಟನೇ ಕ್ಲಾಸಿಂದ ನಾನು ಸೈಕಲ್ಲಲ್ಲೇ ಹೋಗ್ತೀನಿ."

ಟಿಪ್ಪರ್ ಲಾರಿ, ಗುಂಡಿ, ಬೀದಿನಾಯಿ ಎಲ್ಲವನ್ನೂ ಒಂದೊಂದಾಗಿ ವರ್ಣಿಸಿದೆ. ಜಗ್ಗಲಿಲ್ಲ. ಕೊನೆಗೆ ಅವನೇ ಉದಾರನಾಗಿ, "ಮಳೆ ಬಂದ್ರೆ ನೀನೇ ಬಿಡು" ಅಂದ.

ತಕ್ಷಣ ಒಪ್ಪಿಬಿಟ್ಟೆ. ಬೆಂಗಳೂರಿಗೆ ಮುಂಗಾರೂ ಇದೆ, ಹಿಂಗಾರೂ ಇದೆ. ಜೂನ್‌ನಿಂದ ನವೆಂಬರ್‌ವರೆಗೆ ಚಿಂತೆಯಿಲ್ಲ. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದೆರಡು ವಾಯುಭಾರ ಕುಸಿತ ಆದರೆ ಪರೀಕ್ಷೆಯ ಸುದ್ದಿಯೂ ಸಿಕ್ಕೀತು.