ಎಪ್ಪತ್ತೆಂಟೂಕಾಲು ಅಂದ್ರ ಪಾಸೋ ಫೇಲೋ?

ಗದಗ ಜಿಲ್ಲೆಯ ಜನಕ್ಕೆ ಮಾರ್ಕ್ಸಿನ ಲೆಕ್ಕ ಗೊತ್ತಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ ಇಷ್ಟು ಎಂದು ಹೇಳಿದರೆ ಸಾಕು, ಚಹಾದಂಗಡಿಯಲ್ಲಿ ಕೂತವರು ಕಪ್ಪು ಕೆಳಗಿಡುವುದರೊಳಗೆ ಪರ್ಸೆಂಟೇಜ್ ತೆಗೆದು, ಸೈನ್ಸೋ ಕಾಮರ್ಸೋ ತೀರ್ಪು ಕೊಟ್ಟು, ಹುಡುಗನ ಅಪ್ಪನ ಸಾಲದ ವಿಚಾರಕ್ಕೆ ಹೋಗಿರುತ್ತಾರೆ. ಮರುದಿನ ಮುಳಗುಂದ ನಾಕಾದಲ್ಲಿ ಫ್ಲೆಕ್ಸು. ಆಮೇಲೆ ನೀಟ್ ಬಂತು, ಅದನ್ನೂ ಅರಗಿಸಿಕೊಂಡರು. ಜೆಇಇ ಪರ್ಸೆಂಟೈಲನ್ನು ಪರ್ಸೆಂಟೇಜ್ ಎಂದೇ ತಿಳಿದು ಸುಖವಾಗಿದ್ದರು. ಈ ನೆಮ್ಮದಿ ಕೆಡಿಸಿದ್ದು ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ.

ಶಿರಹಟ್ಟಿಯ ಕಟ್ಟೆಯೊಂದರ ಮೇಲೆ ನಡೆಯುವ ವಿಚಾರಣೆ ಹೀಗಿರುತ್ತದೆ:

"ಎಷ್ಟ್ ಬಿದ್ದಾವಪಾ ಮಾರ್ಕ್ಸು?"

"ಎಪ್ಪತ್ತೆಂಟೂಕಾಲು, ಕಾಕಾ."

"ಕಾಲು? ಕಾಲು ಮಾರ್ಕ್ಸು ಯಾಂವ ಕೊಟ್ಟಾ?"

"ಕೊಟ್ಟಿದ್ದಲ್ಲ ಕಾಕಾ, ಕಸಗೊಂಡಿದ್ದು. ಎಂಬತ್ತೈದು ಸರಿ, ಇಪ್ಪತ್ತೇಳು ತಪ್ಪು. ಒಂದ್ ತಪ್ಪಿಗೆ ಕಾಲು ಮಾರ್ಕ್ಸ್ ಕಡೀತಾರ."

"ಎಷ್ಟಕ್ಕ?"

"ನೂರಾ ಇಪ್ಪತ್ತಕ್ಕ."

"ಅಂದ್ರ ಡಿಸ್ಟಿಂಕ್ಷನ್ನೂ ಇಲ್ಲ. ಇರ್ಲಿ, ಪಾಸೋ ಫೇಲೋ ಅದನ್ನರ ಹೇಳು."

"ಇದರಾಗ ಪಾಸು ಫೇಲು ಇಲ್ಲ, ಕಾಕಾ."

"ಪಾಸು ಫೇಲು ಇಲ್ಲಂದ್ರ ಅದು ಪರೀಕ್ಷಾ ಹೆಂಗಾತೋ?"

ಕಾಕಾನ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು, ಅಂದರೆ ಪರೀಕ್ಷೆ ನಡೆಸುವವರು, ಬೆಂಗಳೂರಿನ ನಗರಭಾವಿಯಲ್ಲಿದ್ದಾರೆ. ಅವರು ಕೊಡುವುದಿಲ್ಲವಾದ್ದರಿಂದ ನಾನೇ ಪ್ರಯತ್ನಿಸುತ್ತೇನೆ. ಗದಗ ಎಪಿಎಂಸಿಗೆ ಉಳ್ಳಾಗಡ್ಡಿ ಒಯ್ದವರಿಗೆ ಇದು ತಿಳಿಯುವುದು ಕಷ್ಟವಲ್ಲ. ಮಾರ್ಕ್ಸು ಎಂಬುದು ಚೀಲದ ತೂಕ, ರ‍್ಯಾಂಕು ಎಂಬುದು ಅವತ್ತಿನ ರೇಟು. ತೂಕ ನಿಮ್ಮ ಬೆವರಿನದು, ರೇಟು ಅವತ್ತಿನ ಆವಕದ್ದು. ಪೇಪರು ಸುಲಭವಿದ್ದ ವರ್ಷ ಎಲ್ಲರ ಚೀಲವೂ ಭಾರ, ರೇಟು ನೆಲಕ್ಕೆ. ಕಠಿಣವಿದ್ದ ವರ್ಷ ಅದೇ ಎಪ್ಪತ್ತೆಂಟೂಕಾಲಿಗೆ ದಲಾಲರು ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಹೋದ ವರ್ಷ ಪಕ್ಕದ ಮನೆಯ ಹುಡುಗನಿಗೆ ಇಷ್ಟೇ ಮಾರ್ಕ್ಸಿಗೆ ಸೀಟು ಸಿಕ್ಕಿತ್ತು ಎಂದು ಈ ವರ್ಷ ಜಗಳ ತೆಗೆಯಲು ಬರುವುದಿಲ್ಲ.

ಪರ್ಸೆಂಟೈಲ್ ಇನ್ನೂ ಮಜಾ. 60 ಸಾವಿರ ಮಂದಿ ಬರೆದರೆಂದು ಇಟ್ಟುಕೊಳ್ಳಿ. 95 ಪರ್ಸೆಂಟೈಲ್ ಬಂದವನು ಊರಿಗೆಲ್ಲ ಪೇಢೆ ಹಂಚುತ್ತಾನೆ. ಅವನ ಮುಂದೆ ಮೂರು ಸಾವಿರ ಜನ ಸಾಲುಗಟ್ಟಿ ನಿಂತಿರುತ್ತಾರೆ. 99 ಬಂದರೂ ಮುಂದೆ ಆರುನೂರು. ನಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾಮಾನ್ಯ ವರ್ಗದ ಬಾಗಿಲು ನೂರನೇ ರ‍್ಯಾಂಕಿನ ಆಚೀಚೆಗೇ ಮುಚ್ಚುವ ರೂಢಿ. ಹೀಗಾಗಿ 99 ಪರ್ಸೆಂಟೈಲ್ ಫ್ಲೆಕ್ಸಿಗೆ ಧಾರಾಳವಾಗಿ ಸಾಕು, ಸೀಟಿಗೆ ಸಾಲದು. ಕೋಚಿಂಗ್ ಕೇಂದ್ರಗಳ ಜಾಹೀರಾತಿನಲ್ಲಿ ರ‍್ಯಾಂಕು ಸಣ್ಣ ಅಕ್ಷರದಲ್ಲೂ ಪರ್ಸೆಂಟೈಲು ದೊಡ್ಡ ಅಕ್ಷರದಲ್ಲೂ ಇರುವುದು ಕಣ್ಣಿನ ದೋಷದಿಂದಲ್ಲ.

ಏನೂ ಓದದವನ ಗತಿ? ಅವನದು ಅಷ್ಟೇನೂ ಕೆಟ್ಟದ್ದಲ್ಲ. 120 ಪ್ರಶ್ನೆ, ನಾಲ್ಕು ನಾಲ್ಕು ಆಯ್ಕೆ. ಮನೆದೇವರ ಹೆಸರು ಹೇಳಿ ಕಣ್ಣು ಮುಚ್ಚಿ ಗೋಲ ತುಂಬುತ್ತ ಹೋದರೆ ಸರಾಸರಿ ಲೆಕ್ಕದಲ್ಲಿ 30 ಸರಿ, 90 ತಪ್ಪು. ಮೂವತ್ತರಲ್ಲಿ ಇಪ್ಪತ್ತೆರಡೂವರೆ ಕಳೆದರೆ ಏಳೂವರೆ ಉಳಿಯುತ್ತದೆ. ದಂಡ ಕಳೆದ ಮೇಲೂ ಅಜ್ಞಾನಕ್ಕೆ ಕೈಯಲ್ಲಿ ಏಳೂವರೆ ಉಳಿಸುವ ಉದಾರ ವ್ಯವಸ್ಥೆ ಇದು. ಇದಕ್ಕಿಂತ ಉದಾರಿಯೂ ಒಬ್ಬನಿದ್ದ. ಅಮೆರಿಕದ ಸಂಸ್ಥೆಯೊಂದು ನಮ್ಮ ಖಾಸಗಿ ಕಾನೂನು ಕಾಲೇಜುಗಳಿಗಾಗಿ ನಡೆಸುತ್ತಿದ್ದ ಎಲ್‌ಸ್ಯಾಟ್ ಇಂಡಿಯಾದಲ್ಲಿ ಅಂಕಪಟ್ಟಿ ಶುರುವಾಗುತ್ತಿದ್ದದ್ದೇ 420ರಿಂದ, ಮುಗಿಯುತ್ತಿದ್ದದ್ದು 480ಕ್ಕೆ. ಭಾರತದಲ್ಲಿ ವಕೀಲನಾಗಬೇಕೆಂದವನಿಗೆ ತಳದ ಅಂಕ ನಾನೂರಾ ಇಪ್ಪತ್ತು! ಯಾರು ಕುಳಿತು ಯೋಚಿಸಿದರೋ, ಅವರ ಹಾಸ್ಯಪ್ರಜ್ಞೆಗೆ ನಮಸ್ಕಾರ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದು ದಂಡ ಸಂಹಿತೆಯ 420ನೇ ಕಲಂ 318 ಆಯಿತು. ಅದೇ ವರ್ಷಕ್ಕೆ ಎಲ್‌ಸ್ಯಾಟ್ ಇಂಡಿಯಾ ಕೂಡ ಅಂಗಡಿ ಮುಚ್ಚಿತು. ಸಂಬಂಧ ಇಲ್ಲ ಎಂದೇ ನಂಬೋಣ.

ಇಬ್ಬರಿಗೆ ಸಮ ಅಂಕ ಬಂದರೆ? ಮೊದಲು ಕಾನೂನು ತರ್ಕದ ಭಾಗದಲ್ಲಿ ಯಾರಿಗೆ ಹೆಚ್ಚು ಎಂದು ನೋಡುತ್ತಾರೆ. ಅಲ್ಲೂ ಸಮ ಆದರೆ ವಯಸ್ಸಿನಲ್ಲಿ ಹಿರಿಯರಿಗೆ ಮೇಲಿನ ರ‍್ಯಾಂಕು. ನಮ್ಮ ಭಾಗದಲ್ಲಿ ಈ ನಿಯಮ ಮೊದಲೇ ಇದ್ದಿದ್ದರೆ ದೊಡ್ಡ ಗದ್ದಲವಾಗುತ್ತಿತ್ತು. ಹೆಡ್‌ಮಾಸ್ತರರು ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ, ಮುಟ್ಟಿದರೆ ಜೂನ್ 1 ಎಂದು ಬರೆದು ಶಾಲೆಗೆ ಸೇರಿಸಿಕೊಂಡ ತಲೆಮಾರು ನಮ್ಮದು. ಮುಂಡರಗಿ ತಾಲ್ಲೂಕಿನ ಅರ್ಧ ಜನ ಒಂದೇ ದಿನ ಹುಟ್ಟಿದವರು. ಅದಕ್ಕೂ ಪರಿಹಾರವಿದೆ ಅನ್ನಿ, ಜನ್ಮದಿನಾಂಕವೂ ಒಂದೇ ಆದರೆ ಕಂಪ್ಯೂಟರಿನಲ್ಲಿ ಚೀಟಿ ಎತ್ತುತ್ತಾರೆ. ತರ್ಕದಿಂದ ಹೊರಟ ಪರೀಕ್ಷೆ ಲಾಟರಿಗೆ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಅರ್ಥ ಮಾಡಿಕೊಂಡು ಕಾಕಾ ನಿಟ್ಟುಸಿರು ಬಿಡುವಷ್ಟರಲ್ಲಿ ಅಂಕವೇ ಬದಲಾದರೆ? ಕ್ಲಾಟ್‌ಗೆ ಇದೊಂದು ಹವ್ಯಾಸ. ಅದು ಹುಟ್ಟಿದ್ದೇ ಕೋರ್ಟಿನ ಅಂಗಳದಲ್ಲಿ. ಒಂದೊಂದು ಕಾನೂನು ಶಾಲೆಗೆ ಒಂದೊಂದು ಪರೀಕ್ಷೆ ಎಂಬ ಕಾಟ ತಪ್ಪಿಸಿ ಎಂದು 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿ, 2008ರಲ್ಲಿ ಏಳು ಶಾಲೆಗಳು ಸೇರಿ ಮೊದಲ ಕ್ಲಾಟ್ ನಡೆಸಿದವು. ತವರುಮನೆ ಮೇಲಿನ ಮಮತೆಯೋ ಏನೋ, ಅಂದಿನಿಂದ ಅದು ಕೋರ್ಟಿನ ಮೆಟ್ಟಿಲು ಬಿಟ್ಟಿಲ್ಲ. 2018ರಲ್ಲಿ ಕಂಪ್ಯೂಟರುಗಳು ಕೈಕೊಟ್ಟು, ಕಳೆದುಹೋದ ನಿಮಿಷಕ್ಕೆ ಅಂಕ ಕಟ್ಟಿಕೊಡುವ ಲೆಕ್ಕ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯಲ್ಲಿ ಕೆಲವು ಪ್ರಶ್ನೆಗಳನ್ನು ನಡೆಸಿದವರೇ ಕೈಬಿಟ್ಟರು. ಉಳಿದ ಕೆಲವುಗಳ ಸರಿ ಉತ್ತರ ಯಾವುದೆಂದು ಹೇಳಲು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೂರಬೇಕಾಯಿತು, ಆಮೇಲೆ ವಿಭಾಗೀಯ ಪೀಠ, ಕೊನೆಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು. ಪ್ರಶ್ನೆ ತೆಗೆಯುವ ಉಡಾಫೆಗೆ ಸುಪ್ರೀಂ ಕೋರ್ಟು ಬೇಸರವನ್ನೂ ಹೇಳಿಕೊಂಡಿತು. ದೇಶದ ಕಾನೂನು ಪ್ರಾಧ್ಯಾಪಕರೆಲ್ಲ ಕೂಡಿ ಬರೆದ ಪ್ರಶ್ನೆಗೆ ದೇಶದ ನ್ಯಾಯಮೂರ್ತಿಗಳು ಐದು ತಿಂಗಳು ಉತ್ತರ ಹುಡುಕಿದರು. ಶಿರಹಟ್ಟಿಯ ಹುಡುಗ ಅದಕ್ಕೆ ಒಂದು ನಿಮಿಷದಲ್ಲಿ ಉತ್ತರಿಸಬೇಕಿತ್ತು, ತಪ್ಪಿದರೆ ಕಾಲು ಅಂಕ ಕಡಿತ. ಪ್ರಾಧ್ಯಾಪಕರ ತಪ್ಪಿಗೆ ಎಷ್ಟು ಕಡಿತ ಎಂಬುದು ಮಾಹಿತಿ ಪುಸ್ತಕದಲ್ಲಿಲ್ಲ. ಉತ್ತರಕ್ಕೆ ಆಕ್ಷೇಪ ಹೇಳಬೇಕೆಂದರೆ ಮಾತ್ರ ಆ ವರ್ಷ ಪ್ರಶ್ನೆಯೊಂದಕ್ಕೆ ಸಾವಿರ ರೂಪಾಯಿ ಮೊದಲು ಕಟ್ಟಬೇಕಿತ್ತು. ಅರ್ಜಿ ಶುಲ್ಕ ನಾಲ್ಕು ಸಾವಿರ ಮೊದಲೇ ಹೋಗಿತ್ತು.

"ಅಲ್ಲೋ, 2023ರಾಗ ಕಾನೂನು ಖಾತೆ ನಮ್ಮ ಗದಗಿನ ಎಚ್.ಕೆ. ಪಾಟೀಲರಿಗೇ ಬಂತಲ್ಲ, ಒಂದ್ ಪತ್ರಾ ಬರಸೋಣೇನು?" ಎಂದು ಕಾಕಾ ಕೇಳದೆ ಇರುವುದಿಲ್ಲ. ಪತ್ರ ಬರೆಸಬಹುದು. ಆದರೆ ಕ್ಲಾಟ್‌ನಲ್ಲಿ ಕಾಲು ಅಂಕ ಕೊಡಿಸುವ ಅಧಿಕಾರ ರಾಜ್ಯದ ಯಾವ ಮಂತ್ರಿಗೂ ಇಲ್ಲ. ಮಂತ್ರಿ ಹಾಗಿರಲಿ, ಶಾಸನಸಭೆಗೇ ಇಲ್ಲ. ನಗರಭಾವಿಯ ಶಾಲೆಯನ್ನು ಹುಟ್ಟಿಸಿದ್ದು 1986ರ ಕರ್ನಾಟಕದ ಕಾಯ್ದೆ. ಅದೇ ಶಾಸನಸಭೆ 2020ರಲ್ಲಿ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು ಮೀಸಲಿಡಿ ಎಂದು ತಿದ್ದುಪಡಿ ತಂದಿತು. ಸೆಪ್ಟೆಂಬರ್ 29ರಂದು ಕರ್ನಾಟಕ ಹೈಕೋರ್ಟು ಅದನ್ನು ಹೊಡೆದುಹಾಕಿತು. ಮರುವರ್ಷ ಶಾಲೆ ತಾನಾಗಿಯೇ ಮನಸ್ಸು ಕರಗಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಇಟ್ಟಿತು. ಹಡೆದವರು ಕೇಳಿದರೆ ಅಸಿಂಧು, ಮಗ ತಾನೇ ಕೊಟ್ಟರೆ ಸಿಂಧು. ಇದಕ್ಕೇ ಇರಬೇಕು ಸ್ವಾಯತ್ತತೆ ಅನ್ನುವುದು.

ಶಾಲೆಯ ಕೋಟಾದಲ್ಲೂ ಉಳಿದ ಆ ಹತ್ತು ವರ್ಷದ ನಿಯಮವೂ ಗಮನಿಸತಕ್ಕದ್ದೇ. ವೈಟ್‌ಫೀಲ್ಡಿನ ಅಂತಾರಾಷ್ಟ್ರೀಯ ಶಾಲೆಯಲ್ಲಿ ಹತ್ತು ವರ್ಷ ಕಳೆದ, ಕನ್ನಡವನ್ನು ಆಟೋದವರ ಜೊತೆ ಜಗಳಕ್ಕೆ ಮಾತ್ರ ಬಳಸಿದ ಹುಡುಗ ಕರ್ನಾಟಕದ ವಿದ್ಯಾರ್ಥಿ. ಲಕ್ಷ್ಮೇಶ್ವರದ ಸರ್ಕಾರಿ ಶಾಲೆಯ ಹುಡುಗಿಯೂ ಕರ್ನಾಟಕದ ವಿದ್ಯಾರ್ಥಿ. ಇಬ್ಬರಿಗೂ ಒಂದೇ ಕೋಟಾ, ಒಂದೇ ಪಟ್ಟಿ. ಸಮಾನತೆ ಎಂದರೆ ಇದಲ್ಲವೆ!

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಪುಲಿಗೆರೆಯ ಹೆಸರು ತೆಗೆಯುತ್ತದೆ. ಪಂಪನಿಗೂ ತನ್ನ ಕಾವ್ಯದ ನುಡಿ ಪುಲಿಗೆರೆಯದು ಎಂಬ ಹೆಮ್ಮೆ. ಆ ಪುಲಿಗೆರೆಯೇ ಈ ಲಕ್ಷ್ಮೇಶ್ವರ. ಅಲ್ಲಿಯ ಹುಡುಗಿ ಕ್ಲಾಟ್ ಬರೆಯಲು ಕೂತರೆ ಎದುರಿಗೆ ಬರುವುದು ಪುಟಗಟ್ಟಲೆ ಇಂಗ್ಲಿಷ್ ಪ್ಯಾಸೇಜುಗಳು, ಒಂದೊಂದು 450 ಪದದವರೆಗೆ. ಗಣಿತವೂ ಪ್ಯಾಸೇಜಿನೊಳಗೇ ಅಡಗಿ ಕೂತಿರುತ್ತದೆ. ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ ಎಂದು ನಡೆಸುವವರು ದೊಡ್ಡ ಮನಸ್ಸಿನಿಂದ ಹೇಳುತ್ತಾರೆ. ನಿಜ, ಕಾನೂನು ಗೊತ್ತಿರಬೇಕಾಗಿಲ್ಲ. ಇಂಗ್ಲಿಷು ಎಲ್‌ಕೆಜಿಯಿಂದ ಗೊತ್ತಿದ್ದರೆ ಆಯಿತು. ದೇಸಿ ಭಾಷೆಗಳಲ್ಲೂ ಪರೀಕ್ಷೆ ಇಡಿ ಎಂಬ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದಾಗ ಬಾರ್ ಕೌನ್ಸಿಲೇ ಅದನ್ನು ಬೆಂಬಲಿಸಿತು. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಬಿಟ್ಟು ಅಲುಗಾಡಲಿಲ್ಲ.

ಹಾಗಾದರೆ ಆ ಎಪ್ಪತ್ತೆಂಟೂಕಾಲು ಅಳೆದದ್ದು ಏನನ್ನು? ಮುಂಡರಗಿಯ ಕೋರ್ಟಿನಲ್ಲಿ ಅರ್ಧ ದಿನ ಕೂತು ಬಂದರೆ ಏನನ್ನು ಅಳೆಯಲಿಲ್ಲ ಎಂಬುದಾದರೂ ತಿಳಿಯುತ್ತದೆ. ಅಲ್ಲಿ ನಡೆಯುವುದು ಅಣ್ಣತಮ್ಮಂದಿರ ವಾಟ್ನಿ, ಉತಾರದಲ್ಲಿ ಬಿಟ್ಟುಹೋದ ಹೆಸರು, ರಾತ್ರೋರಾತ್ರಿ ಸರಿದ ಬಾಂದಗಲ್ಲು. "ನಿಮ್ಮಪ್ಪ ಬರದು ಕೊಟ್ಟಿದ್ರೋ, ಬಾಯಿಲೆ ಹೇಳಿದ್ರೋ?" ಎಂದು ವಕೀಲರು ಕೇಳುತ್ತಾರೆ. "ಬರದಂಗ ಹೇಳಿದ್ರರೀ" ಎಂದು ಸಾಕ್ಷಿ ಉತ್ತರಿಸುತ್ತಾನೆ. ಈ ಉತ್ತರವನ್ನು ಬಿಡಿಸಿ ಸತ್ಯ ತೆಗೆಯುವುದೇ ಕಾನೂನು ತರ್ಕ. ಇದಕ್ಕೆ ನಾಲ್ಕು ಆಯ್ಕೆ ಇರುವುದಿಲ್ಲ. ನಗರಭಾವಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಓದಿದವರು ಹೆಚ್ಚಾಗಿ ಮುಂಬೈ, ದೆಹಲಿಯ ದೊಡ್ಡ ಕಂಪನಿಗಳ ಕರಾರುಪತ್ರ ತಿದ್ದಲು ಹೋಗುತ್ತಾರೆ. ತಪ್ಪೇನಿಲ್ಲ, ಸಾಲ ತೀರಬೇಕಲ್ಲ. ವಾಟ್ನಿ ಕೇಸು ಹಿಡಿಯಲು ಅವರು ಮುಂಡರಗಿಯ ಬಸ್ಸು ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಬಸ್ಸು ಹತ್ತುವವರು ಬರುವ ದಾರಿಯೇ ಬೇರೆ. ಇಂಜಿನಿಯರಿಂಗಿಗೆ ಸಿಇಟಿ ಇಟ್ಟ ನಮ್ಮ ರಾಜ್ಯ ಕಾನೂನಿಗೆ ಅಂಥದ್ದೇನೂ ಇಟ್ಟಿಲ್ಲ. ಹುಬ್ಬಳ್ಳಿಯ ನವನಗರದಲ್ಲಿರುವ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಅದರ ಕೆಳಗಿನ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯುಸಿ ಮಾರ್ಕ್ಸ್ ಕಾರ್ಡ್ ಸಾಕು, ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45. ಇಲ್ಲಿ ಪರ್ಸೆಂಟೈಲ್ ಇಲ್ಲ, ಆಕ್ಷೇಪಕ್ಕೆ ಸಾವಿರ ರೂಪಾಯಿ ಇಲ್ಲ, ಚೀಟಿ ಎತ್ತುವುದಿಲ್ಲ. ಫ್ಲೆಕ್ಸೂ ಇಲ್ಲ. ಇಲ್ಲಿ ಸೇರಿದ ಹುಡುಗನನ್ನು ಊರು "ಏನೂ ಸಿಗಲಿಲ್ಲಂತ ಲಾ ಹಚ್ಚ್ಯಾನ" ಎಂದು ಕರೆಯುತ್ತದೆ. ಕ್ಲಾಟ್‌ನಲ್ಲಿ ನಲವತ್ತು ಸಾವಿರನೇ ರ‍್ಯಾಂಕು ತಂದವನನ್ನು ಅದೇ ಊರು "ನ್ಯಾಷನಲ್ ಲೆವೆಲ್ ಬರದಾನ" ಎನ್ನುತ್ತದೆ.

ಐದು ವರ್ಷ ಕಳೆದ ಮೇಲೆ ಕರಿಕೋಟು ತೊಟ್ಟು ವಾದಿಸಬೇಕೆಂದರೆ ಇವರೆಲ್ಲ ಮತ್ತೊಂದು ಪರೀಕ್ಷೆಯಲ್ಲಿ ಅಕ್ಕಪಕ್ಕ ಕೂರಬೇಕು, ಬಾರ್ ಕೌನ್ಸಿಲ್ ನಡೆಸುವ ಅಖಿಲ ಭಾರತ ವಕೀಲರ ಪರೀಕ್ಷೆ. ಅಲ್ಲಿ ತಪ್ಪಿಗೆ ಕಡಿತವಿಲ್ಲ, ರ‍್ಯಾಂಕೂ ಇಲ್ಲ, ಕಾಕಾನಿಗೆ ಬೇಕಾಗಿದ್ದ ಪಾಸು ಫೇಲು ಇದೆ. ಟಿಪ್ಪಣಿ ಬರೆಯದ ಕಾಯ್ದೆ ಪುಸ್ತಕಗಳನ್ನು ಒಳಗೇ ಒಯ್ದು ನೋಡಿಕೊಂಡು ಬರೆಯಬಹುದು. ನಗರಭಾವಿಯಿಂದ ಬಂದ ನೂರನೇ ರ‍್ಯಾಂಕಿಗೂ ನವನಗರದ ಕಾಲೇಜಿನಿಂದ ಬಂದ ಪಿಯುಸಿಗೂ ಪಾಸಾಗಲು ಬೇಕಾದದ್ದು, ಸಾಮಾನ್ಯ ವರ್ಗದಲ್ಲಿ, ನೂರಕ್ಕೆ 45.